ಮಸ್ಕಿಯ ಬಂಡೆಯಿಂದ ಸಂಕೇತಬಿಂದುವಿಗೆ: ಬ್ರಾಹ್ಮೀ ಪರಂಪರೆಯ ಅಕ್ಷರ ಮತ್ತು ಗಣಕದ ಅಕ್ಷರ

ಮಸ್ಕಿಯ ಅಶೋಕ ಶಾಸನವನ್ನು ಗಣಕದಲ್ಲಿ ಪಠ್ಯವಾಗಿ ದಾಖಲಿಸಲು ಹೊರಟವರಿಗೆ ಮೊದಲು ಎದುರಾಗುವುದು ಭಾಷಾವಿಜ್ಞಾನದ ಪ್ರಶ್ನೆ: ದಾಖಲಾಗಬೇಕಾದ ಘಟಕ ಯಾವುದು? ಧ್ವನಿಮಾವೇ, ಕೊರೆದ ಆಕಾರವೇ, ಅಥವಾ ಓದುಗನು ಒಂದಾಗಿ ಗ್ರಹಿಸುವ ಅಕ್ಷರವೇ? ಗಣಕವಿಜ್ಞಾನದ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ಇತಿಹಾಸವಾಗಿ ಬರೆಯಲಾಗುತ್ತದೆ. ಆದರೆ ಬರಹವನ್ನು ಸಂಖ್ಯೆಯಾಗಿಸುವ ಕಲ್ಪನೆಗೂ ಒಂದು ಇತಿಹಾಸವಿದೆ. ಭಾರತೀಯ ಲಿಪಿಗಳ ಮಟ್ಟಿಗೆ ಅದರ ತರ್ಕವು ಗಣಕಕ್ಕಿಂತ ಬಹಳ ಹಳೆಯದು. ಅದನ್ನು ನಾವು ಇಲ್ಲಿ ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರು ಪರಿಸರದ ನಿದರ್ಶನಗಳ ಮೂಲಕ ವಿವರಿಸುತ್ತೇವೆ.

ಮಸ್ಕಿಯ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಸೋಕಸ’ ಎಂಬ ಷಷ್ಠೀ ರೂಪ ಕಂಡಿತು. ಜಾರ್ಜ್ ಟರ್ನರ್ ಅವರು ಸಿಂಹಳದ ಪಾಲಿ ಆಕರಗಳಿಂದ 1837ರಲ್ಲಿ ಮಾಡಿದ್ದ ಊಹೆಗೆ ಶಾಸನಾಧಾರ ಒದಗಿದ್ದು ಹೀಗೆ. ಮುಂದೆ ಗುಜರ್ರಾ, ನಿಟ್ಟೂರು, ಉದೇಗೋಳಗಳಲ್ಲಿಯೂ ಈ ಹೆಸರು ದೊರೆಯಿತು.

ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಈ ಲಿಪಿಯನ್ನು ಓದಿದ ಬಗೆ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು 1837ರಲ್ಲಿ ಓದಿದರು. ಅದಕ್ಕೂ ಮುನ್ನ, 1834ರಲ್ಲಿಯೇ, ಅವರು ಅಲಹಾಬಾದ್ ಸ್ತಂಭದ ಚಿಹ್ನೆಗಳನ್ನು ಕೋಷ್ಟಕವಾಗಿ ಜೋಡಿಸಿದ್ದರು. ಪ್ರತಿಯೊಂದು ಮೂಲಾಕಾರಕ್ಕೂ ಅದೇ ಕೆಲವು ಗೆರೆಗಳು ಕ್ರಮಬದ್ಧವಾಗಿ ಸೇರುತ್ತವೆ ಎಂಬುದು ಒಂದು ಅಕ್ಷರದ ಮೌಲ್ಯವೂ ತಿಳಿಯುವ ಮೊದಲೇ ಅವರಿಗೆ ಗೋಚರಿಸಿತ್ತು. ವ್ಯಂಜನ ಒಂದು ಅಕ್ಷ, ಸ್ವರಚಿಹ್ನೆ ಮತ್ತೊಂದು ಅಕ್ಷ; ಅಂದರೆ ನಮ್ಮ ಕಾಗುಣಿತದ ಪಟ್ಟಿ. ನೂರಾರು ಆಕಾರಗಳನ್ನು ಕೆಲವೇ ಹತ್ತು ಘಟಕಗಳಿಗೆ ಇಳಿಸುವ ಈ ವಿಶ್ಲೇಷಣೆಯೇ ಮುಂದೆ ಭಾರತೀಯ ಲಿಪಿಗಳ ಸಂಕೇತೀಕರಣಕ್ಕೆ ತಳಹದಿಯಾಯಿತು.

ಗಣಕಕ್ಕೆ ತಿಳಿಯುವುದು ಎರಡು ಸ್ಥಿತಿಗಳು ಮಾತ್ರ. 7 ಬಿಟ್‌ಗಳಿಂದ 128 ಸಂಕೇತಗಳು ಸಿಗುತ್ತವೆ. 1963ರ ಆಸ್ಕಿ ಮಾನಕ ಇಂಗ್ಲಿಷಿಗಾಗಿ ಬಳಸಿಕೊಂಡಿದ್ದು ಇಷ್ಟನ್ನೇ. 8 ಬಿಟ್‌ಗಳಾದರೆ 256. ಕನ್ನಡದ ಆರಂಭಿಕ ತಂತ್ರಾಂಶಗಳು ಈ ಮಿತಿಯೊಳಗೆ ಕೆಲಸ ಮಾಡಬೇಕಾಯಿತು. ಆ ಕಾಲದ ಅಕ್ಷರಶೈಲಿಗಳು ಅಕ್ಷರವನ್ನು ಭಾಷಿಕ ಘಟಕಗಳಾಗಿ ಒಡೆಯದೆ ಆಕಾರದ ತುಣುಕುಗಳಾಗಿ ಒಡೆದವು. ತೆರೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಇದ್ದುದು ಲ್ಯಾಟಿನ್ ಅಕ್ಷರಗಳ ಸಂಕೇತ. ಆ ಕ್ರಮದಲ್ಲಿ ಬೆರಳಚ್ಚಾದ ಪಿಎಚ್.ಡಿ. ಪ್ರಬಂಧಗಳನ್ನು ಪರಿವರ್ತಿಸದೆ ಕಾರ್ಪಸ್‌ಗೆ ಸೇರಿಸಲಾಗದು ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ತಿಳಿದ ಸಂಗತಿ.

ಇದಕ್ಕೆ ಪರ್ಯಾಯವಾದ ವಿಶ್ಲೇಷಣೆಯನ್ನು ಇಸ್ಕಿ ಮಾನಕ ಮುಂದಿಟ್ಟಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇದನ್ನು ಐಎಸ್ 13194 ಎಂಬ ಮಾನಕವಾಗಿ ಪ್ರಕಟಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ವರ್ಣಮಾಲೆಯ ಕ್ರಮ ಒಂದೇ ಆಗಿರುವುದರಿಂದ ‘ಕ’ಕಾರಕ್ಕೆ ಒಂದೇ ಸಂಕೇತ ಸಾಕು, ಅದನ್ನು ಯಾವ ಲಿಪಿಯಲ್ಲಿ ತೋರಿಸಬೇಕು ಎಂಬುದು ಬೇರೆ ಪ್ರಶ್ನೆ ಎಂಬುದು ಅದರ ನಿಲುವು. ಯೂನಿಕೋಡ್ ಈ ಏಕತೆಯನ್ನು ಒಪ್ಪಲಿಲ್ಲ, ಪ್ರತಿ ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ಖಂಡ ಕೊಟ್ಟಿತು. ಆದರೂ ಖಂಡದೊಳಗಿನ ಜೋಡಣೆಯನ್ನು ಇಸ್ಕಿಯ 1988ರ ಆವೃತ್ತಿಯಿಂದಲೇ ತೆಗೆದುಕೊಂಡಿತು.

ಇದರ ಫಲವನ್ನು ಸಿಂಧನೂರು ತಾಲ್ಲೂಕಿನಲ್ಲಿ ನೋಡಬಹುದು. ತುಂಗಭದ್ರಾ ಎಡದಂಡೆ ನಾಲೆಯ ನೀರಾವರಿಯೊಂದಿಗೆ ಬಂದ ತೆಲುಗರ ಕ್ಯಾಂಪುಗಳೂ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಶಿಬಿರಗಳೂ ಅಲ್ಲಿವೆ. ದಶಮಾಂಶ ಕ್ರಮದಲ್ಲಿ ಬಂಗಾಳಿ ‘ಕ’ದ ಸಂಕೇತ 2453, ತೆಲುಗಿನದು 3093, ಕನ್ನಡದ್ದು 3221. ತೆಲುಗಿಗೆ 128 ಕೂಡಿಸಿದರೆ ಕನ್ನಡ. ಬಂಗಾಳಿಗೆ 128ರ ಆರು ಪಟ್ಟು ಕೂಡಿಸಿದರೂ ಕನ್ನಡ. ಸ್ಥೂಲವಾದ ಲಿಪ್ಯಂತರಣಕ್ಕೆ ಒಂದು ಸಂಕಲನ ಸಾಕಾಗುವ ಈ ಸೌಕರ್ಯ ವರ್ಣಮಾಲೆಯ ಶಾಸ್ತ್ರದಿಂದ ಬಂದ ಬಳುವಳಿ. ಅದರ ಬೆಲೆಯೂ ಕಾಣುತ್ತದೆ: ತಮಿಳಿನ ಖಂಡದಲ್ಲಿ ಖ, ಗ, ಘಗಳ ಸ್ಥಾನಗಳು ಖಾಲಿ ಉಳಿದಿವೆ. ಹಂಚಿಕೆಯ ಚೌಕಟ್ಟು ತಮಿಳಿನ ಧ್ವನಿವ್ಯವಸ್ಥೆಯಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಇಷ್ಟಾದರೂ ಸಂಕೇತಬಿಂದುವೆಂದರೆ ಅಕ್ಷರವಲ್ಲ. ‘ಅಶೋಕ’ ಎಂಬ ಪದದಲ್ಲಿ ಓದುಗನು ಎಣಿಸುವ ಅಕ್ಷರಗಳು ಮೂರು. ಅ, ಶ, ಓಕಾರದ ಚಿಹ್ನೆ, ಕ ಎಂದು ಸಂಕೇತಬಿಂದುಗಳು ನಾಲ್ಕು. ಯುಟಿಎಫ್-8 ಕ್ರಮದಲ್ಲಿ ಬೈಟ್‌ಗಳು 12. ಓಕಾರದ ಚಿಹ್ನೆಯನ್ನು ಮೂರು ಭಾಗಗಳಾಗಿ ಬಿಡಿಸಿ ಬರೆಯಲು ಯೂನಿಕೋಡ್ ಅವಕಾಶ ಕೊಡುತ್ತದೆ. ಆಗ ಅದೇ ಪದಕ್ಕೆ ಬಿಂದುಗಳು ಆರು, ಬೈಟ್‌ಗಳು 18. ಕಣ್ಣಿಗೆ ಎರಡೂ ಒಂದೇ, ಸರಳ ಹುಡುಕಾಟಕ್ಕೆ ಬೇರೆ ಬೇರೆ. ಆವೃತ್ತಿ ಎಣಿಕೆಗೆ ಮುನ್ನ ಪಠ್ಯವನ್ನು ಪ್ರಮಾಣೀಕರಿಸದಿದ್ದರೆ ಲೆಕ್ಕವೇ ತಪ್ಪುತ್ತದೆ. ‘ರ‍್ಯಾಂಕ್’ ಎಂಬ ಬರಹದಲ್ಲಿ ಅರ್ಕಾವೊತ್ತನ್ನು ತಡೆಯಲು ಕಾಣದ ಜೋಡಕವೊಂದನ್ನು ಸೇರಿಸಬೇಕಾಗುತ್ತದೆ. ಧ್ವನಿಮಾತ್ಮಕವಾಗಿ ಭೇದವಿಲ್ಲದ, ಲಿಪಿಮಾತ್ಮಕವಾಗಿ ಮಾತ್ರ ಭೇದವಿರುವ ಜೋಡಿಯಿದು. ಶಾಸನ ಸಂಪಾದಕನಿಗೆ ಈ ಭೇದ ಬೇಕು, ಧ್ವನಿವಿಜ್ಞಾನಿಗೆ ಬೇಡ.

ಹಳಗನ್ನಡದ ‘ೞ’ಕಾರದ ಕಥೆ ಇನ್ನೂ ವಿಚಿತ್ರ. ಯೂನಿಕೋಡಿನಲ್ಲಿ 3294ನೆಯ ಸ್ಥಾನದಲ್ಲಿರುವ ಈ ಅಕ್ಷರದ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫಾ’. ಇದು ತಪ್ಪೆಂದು ಯೂನಿಕೋಡ್ ತಾನೇ ಒಪ್ಪಿ ಸರಿಯಾದ ಹೆಸರನ್ನು ಉಪನಾಮವಾಗಿ ದಾಖಲಿಸಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಸ್ಥಿರತಾ ನಿಯಮದಿಂದಾಗಿ ಮೂಲ ಹೆಸರು ಹಾಗೆಯೇ ಉಳಿದಿದೆ. ಹೆಸರನ್ನೇ ನಂಬಿ ಲಿಪ್ಯಂತರಿಸುವ ತಂತ್ರಾಂಶವು ‘ೞ’ ಇರುವಲ್ಲೆಲ್ಲ ಓಷ್ಠ್ಯ ಘರ್ಷವನ್ನು ಕಾಣಬಹುದು. ದ್ರಾವಿಡ ತೌಲನಿಕ ಅಧ್ಯಯನಕ್ಕೆ ಇದಕ್ಕಿಂತ ದುಬಾರಿಯಾದ ಗೊಂದಲವನ್ನು ನಾವು ಊಹಿಸಲಾರೆವು.

ಬ್ರಾಹ್ಮಿಯು ಯೂನಿಕೋಡಿಗೆ ಸೇರಿದ್ದು 2010ರಲ್ಲಿ, 6.0 ಆವೃತ್ತಿಯಲ್ಲಿ. ಅದರ ‘ಕ’ದ ಸಂಕೇತ 69651. ಆರಂಭಿಕ ಯೂನಿಕೋಡ್ ಕಲ್ಪಿಸಿಕೊಂಡಿದ್ದ 16 ಬಿಟ್‌ಗಳ, ಎಂದರೆ 65,536 ಸ್ಥಾನಗಳ, ಆಚೆಗೆ ಅದು ಬೀಳುತ್ತದೆ. ಮಗಳಾದ ಕನ್ನಡ ಲಿಪಿಗೆ ಒಳಮನೆ, ತಾಯಿಗೆ ಹೊರಜಗುಲಿ! ಇಸ್ಕಿಯ ಜೋಡಣೆಗೂ ಈ ಖಂಡ ಬದ್ಧವಾಗಿಲ್ಲ. ಕಾರಣ, ‘ಬ್ರಾಹ್ಮಿ’ ಎಂಬ ಒಂದೇ ಹೆಸರಿನಡಿ ಹಲವು ಬರಹ ಪದ್ಧತಿಗಳು ಸೇರಿವೆ. ಭಟ್ಟಿಪ್ರೋಲಿನ ಶಾಸನಗಳಲ್ಲಿ ವ್ಯಂಜನಕ್ಕೆ ಸಹಜ ಅಕಾರವಿಲ್ಲ. ಬೇರೆಡೆ ಆಕಾರವನ್ನು ಸೂಚಿಸುವ ಗೆರೆ ಅಲ್ಲಿ ಹ್ರಸ್ವ ಅಕಾರವನ್ನು ಸೂಚಿಸುತ್ತದೆ. ಆದ್ದರಿಂದ ಅಲ್ಲಿಯ ದೀರ್ಘ ಚಿಹ್ನೆಗೆ ಪ್ರತ್ಯೇಕ ಬಿಂದು ಕೊಡಬೇಕಾಯಿತು.

ಸಂಖ್ಯೆಗಳಲ್ಲಿ ಸಮಸ್ಯೆ ಬೇರೆ ರೂಪ ಪಡೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ 256 ಎಂಬ ಸಂಖ್ಯೆಯನ್ನು 200, 50, 6 ಎಂಬ ಮೂರು ಚಿಹ್ನೆಗಳಿಂದ ಬರೆಯಲಾಗಿದೆ. ಅಲ್ಲಿ ಸ್ಥಾನಬೆಲೆ ಇಲ್ಲ, ಸೊನ್ನೆಯ ಅಗತ್ಯವೂ ಇಲ್ಲ. ಗಣಕದ ದ್ವಿಮಾನದಲ್ಲಿ ಅದೇ ಸಂಖ್ಯೆ ಒಂದರ ಮುಂದೆ ಎಂಟು ಸೊನ್ನೆಗಳು. (ಬೈಟ್‌ನ ಮೌಲ್ಯಗಳ ಸಂಖ್ಯೆಯೂ 256 ಆಗಿರುವುದು ಕೇವಲ ಕಾಕತಾಳೀಯ; ತರಗತಿಯಲ್ಲಿ ಮಾತ್ರ ಬಹಳ ಉಪಯುಕ್ತ.) ಈ ಪುರಾತನ ಕ್ರಮವನ್ನು ಬರೆಯಲು ನೂರರ ಚಿಹ್ನೆ ಮತ್ತು ಎರಡರ ಚಿಹ್ನೆಗಳ ನಡುವೆ ‘ಸಂಖ್ಯಾಜೋಡಕ’ವೊಂದನ್ನು ಇರಿಸಿ 200ನ್ನು ರೂಪಿಸಲಾಗುತ್ತದೆ.

ಬ್ರಹ್ಮಗಿರಿಯ ಲಿಪಿಕಾರ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಗಣಕವು ಇಂಥ ಪಠ್ಯವನ್ನು ಓದುವ ಕ್ರಮದಲ್ಲಿಯೇ ಸಂಗ್ರಹಿಸುತ್ತದೆ. ದಿಕ್ಕು ಪ್ರತಿ ಅಕ್ಷರದ ಗುಣಲಕ್ಷಣವಾಗಿ ದಾಖಲಾಗಿರುತ್ತದೆ, ತೆರೆಯ ಮೇಲಿನ ಜೋಡಣೆಯನ್ನು ಯೂನಿಕೋಡಿನ ದ್ವಿಮುಖ ನಿಯಮಾವಳಿ ನಿರ್ಧರಿಸುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆಯ ಪಾರಸಿ ಶಾಸನದ ಪಾಠವನ್ನು ಕನ್ನಡ ವಿವರಣೆಯ ನಡುವೆ ಉದ್ಧರಿಸುವಾಗಲೂ ಕೆಲಸ ಮಾಡುವುದು ಇದೇ ನಿಯಮ. ಆದರೆ ಕರ್ನೂಲು ಜಿಲ್ಲೆಯ ಎರ್ರಗುಡಿಯ ಲಘುಶಾಸನದಲ್ಲಿ ಕೆಲವು ಸಾಲುಗಳು ಎತ್ತು ಉಳುವ ರೀತಿಯಲ್ಲಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಸಾಗುತ್ತವೆ. ಅಲ್ಲಿ ದಿಕ್ಕು ಅಕ್ಷರದ ಗುಣವಾಗಿರದೆ ಸಾಲಿನ ಗುಣವಾಗಿರುವುದರಿಂದ ಅದು ಸಂಕೇತಬಿಂದುಗಳಲ್ಲಿ ತಾನಾಗಿ ಉಳಿಯುವುದಿಲ್ಲ. ಸಾಲುವಾರು ಟಿಪ್ಪಣಿಯಾಗಿ ಸಂಪಾದಕನೇ ಅದನ್ನು ದಾಖಲಿಸಬೇಕು.