ದನಿಯಲ್ಲ, ಹೊತ್ತು

ಮಳೆಗಾಲದಲ್ಲಿ ಕೊಣ್ಣೂರಿನಿಂದ ಗೋಕಾಕ ಜಲಪಾತದತ್ತ ನಡೆಯುವಾಗ, ಅದರ ಮೊರೆತ ಕೇಳಿಯೇ ದೂರವನ್ನು ಊಹಿಸುವ ಚಪಲ ನನಗಿತ್ತು. ಗಾಳಿ ತಿರುಗಿದರೆ ಸಾಕು, ಊಹೆ ಸುಳ್ಳಾಗುತ್ತಿತ್ತು. ಘಟಪ್ರಭೆ ಸುಮಾರು 52 ಮೀಟರು ಧುಮುಕುವ ಎಡೆ ಇದ್ದಲ್ಲೇ ಇತ್ತು. ಮೋಸಹೋದದ್ದು ನನ್ನ ಕಿವಿ.

ಕಟ್ಟಡಗಳೊಳಗೆ ನಾವಿರುವ ಸ್ಥಳವನ್ನು ಗುರುತಿಸಹೊರಟವರೂ ಮೊದಲು ಈ ಹಾದಿಯನ್ನೇ ಹಿಡಿದರು. ಉಪಗ್ರಹದ ಕ್ಷೀಣ ಸಂಕೇತ ಕಾಂಕ್ರೀಟಿನ ಛಾವಣಿಯಡಿ ನೆಚ್ಚತಕ್ಕದ್ದಲ್ಲ. ಆದ್ದರಿಂದ ವೈಫೈ ಸಂಕೇತದ ಬಲದಿಂದ ದೂರವನ್ನು ಎಣಿಸಿದರು. ಆದರೆ ನಡುವೆ ಗೋಡೆ, ಅಷ್ಟೇಕೆ, ನೀರೇ ಹೆಚ್ಚಾಗಿರುವ ನಮ್ಮ ಮೈ ಅಡ್ಡಬಂದರೂ ಬಲ ಕುಗ್ಗಿ, ಹತ್ತಿರದ್ದು ದೂರವೆನಿಸುತ್ತದೆ.

ಮಿಂಚು ಕಂಡಮೇಲೆ ಗುಡುಗಿನವರೆಗೆ ಎಣಿಸುವ ಕ್ರಮ ಇದಕ್ಕಿಂತ ಮೇಲು: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಗುಡುಗು ಮೆಲ್ಲಗಾದರೂ ಲೆಕ್ಕ ಕೆಡದು. 2016ರ ವೈಫೈ ಮಾನದಂಡವೂ ಹೀಗೆ ಹೊತ್ತನ್ನೇ ನೆಚ್ಚಿತು. ಫೋನಿಗೂ ವೈಫೈ ಪೆಟ್ಟಿಗೆಗೂ ನಡುವೆ ಸಂಕೇತ ಹೋಗಿಬರುವ ಹೊತ್ತಿನಲ್ಲಿ, ಉತ್ತರಿಸಲು ತಡೆದ ಹೊತ್ತನ್ನು ಕಳೆದು, ಉಳಿದುದನ್ನು ಅರ್ಧಮಾಡಿ, ಬೆಳಕಿನ ವೇಗದಿಂದ ಗುಣಿಸಬೇಕು. ಸೆಕೆಂಡಿನ ನೂರು ಕೋಟಿಯ ಒಂದು ಪಾಲು ತಪ್ಪಿದರೂ 15 ಸೆಂಟಿಮೀಟರು ವ್ಯತ್ಯಾಸ! ಮೂರು ಪೆಟ್ಟಿಗೆಗಳಿಂದ ದೂರ ತಿಳಿದರೆ, ಮೂರು ವೃತ್ತಗಳು ಕೂಡುವೆಡೆಯೇ ನಮ್ಮ ನೆಲೆ. ಅನುಕೂಲವಿದ್ದಲ್ಲಿ ಒಂದೆರಡು ಮೀಟರಿನಷ್ಟು ನಿಖರ.

ಗೋಡೆಗೆ ಬಡಿದು ಬಳಸಿಬಂದ ಅಲೆ ಮಾತ್ರ ಈಗಲೂ ದೂರವನ್ನು ಹಿಗ್ಗಿಸುತ್ತದೆ. ಆಸ್ಪತ್ರೆಯ ಓಣಿಯಲ್ಲಿ ವೈದ್ಯರ ಬಾಗಿಲನ್ನು ಅರಸುವ ಕಣ್ಣಿಲ್ಲದವರಿಗೆ, ಆ ಒಂದೆರಡು ಮೀಟರೆಂದರೆ ಪಕ್ಕದ ಕೋಣೆ.