ಸ್ಕ್ಯಾನರ್‌ಗೆ ಕಾರು ಉತ್ತರ ಕೊಡ್ತಿಲ್ವಾ? ‘ಇಸಿಯು ಹೋಯ್ತು’ ಅನ್ನೋ ಮುಂಚೆ ಇಷ್ಟು ನೋಡಿ

ಡ್ಯಾಶ್‌ಬೋರ್ಡ್‌ನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದೆ. ಆನ್‌ಲೈನ್‌ನಲ್ಲಿ ತರಿಸಿದ ಪುಟ್ಟ ಸ್ಕ್ಯಾನರ್ ಚುಚ್ಚಿ ಆ್ಯಪ್ ತೆರೆದರೆ, ಕಾರಿನ ಜತೆ ಸಂಪರ್ಕವೇ ಸಿಗ್ತಿಲ್ಲ. ಗ್ಯಾರೇಜಿಗೆ ಹೋದರೆ, ‘ಇಸಿಯು ಹೋಗಿರಬೇಕು ಸಾರ್’ ಅನ್ನೋ ಮಾತು. ಇಸಿಯು ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. ಬದಲಿಸಲು ಹೊರಟರೆ ಜೇಬಿಗೆ ದೊಡ್ಡ ಕತ್ತರಿ. ಆದರೆ ಕಾರು ಎಂದಿನಂತೆ ಸ್ಟಾರ್ಟ್ ಆಗಿ ಓಡ್ತಿದ್ದರೆ ಅದರ ಇಸಿಯು ಕೆಲಸ ಮಾಡ್ತಿದೆ ಅಂತಲೇ ಅರ್ಥ. ತೊಂದರೆ ಹೆಚ್ಚಿನ ಸಲ ಇಸಿಯುಗೂ ಸ್ಕ್ಯಾನರ್‌ಗೂ ನಡುವಿನ ದಾರಿಯಲ್ಲಿರುತ್ತದೆ.

ಸಾಫ್ಟ್‌ವೇರ್ ಕೆಲಸದಲ್ಲಿ ನಮಗೊಂದು ರೂಢಿ. ಸರ್ವರ್ ಉತ್ತರಿಸದಿದ್ದರೆ ಮೊದಲು ಕರೆಂಟು, ಆಮೇಲೆ ಕೇಬಲ್, ಕೊನೆಗೆ ಕೋಡ್ ನೋಡ್ತೀವಿ. ಕಾರಿಗೂ ಅದೇ ಕ್ರಮ ಸಾಕು.

ಮೊದಲು ಸ್ಕ್ಯಾನರನ್ನೇ ಅನುಮಾನಿಸಿ

ಇಗ್ನಿಷನ್ ಆನ್ ಮಾಡಿದ್ದೀರಾ? ಕೀ ತಿರುಗಿಸದೆ ಇಸಿಯು ಮಾತಾಡುವುದಿಲ್ಲ. ಅದೇ ಸ್ಕ್ಯಾನರನ್ನು ಸ್ನೇಹಿತರ ಕಾರಿಗೆ ಹಾಕಿ ನೋಡಿ. ಅಗ್ಗದ ಇಎಲ್‌ಎಂ 327 ನಕಲಿಗಳಲ್ಲಿ ಹಲವು ಎಲ್ಲ ಪ್ರೋಟೋಕಾಲ್‌ಗಳನ್ನೂ ಬೆಂಬಲಿಸುವುದಿಲ್ಲ. ಐಫೋನ್ ಇರುವವರು ಗಮನಿಸಿ: ಹಳೆ ಬ್ಲೂಟೂತ್ ಮಾದರಿಯ ಸ್ಕ್ಯಾನರ್‌ಗಳು ಅದಕ್ಕೆ ಆಗಿಬರುವುದಿಲ್ಲ, ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಮಾದರಿಯೇ ಬೇಕು.

ಕಾರಿನ ವಯಸ್ಸೂ ಮುಖ್ಯ. ಅಮೆರಿಕದಲ್ಲಿ 1996ರ ಮಾದರಿಗಳಿಂದಲೇ ಒಬಿಡಿ-2 ಕಡ್ಡಾಯವಾಯ್ತು. ನಮ್ಮಲ್ಲಿ ಅದು ಬಂದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಕಾರಿನಲ್ಲಿ ಅದೇ ಆಕಾರದ ಪೋರ್ಟ್ ಇದ್ದರೂ ಒಳಗೆ ಕಂಪನಿಯ ಸ್ವಂತ ಭಾಷೆ ಇರಬಹುದು. ಆಗ ಸಾಮಾನ್ಯ ಸ್ಕ್ಯಾನರ್‌ಗೆ ಏನೂ ಅರ್ಥವಾಗದು.

ಆಮೇಲೆ ಕರೆಂಟು

ಸ್ಕ್ಯಾನರಿನ ದೀಪವೇ ಹತ್ತದಿದ್ದರೆ ಪೋರ್ಟಿಗೆ ಕರೆಂಟಿಲ್ಲ. ಎಷ್ಟೋ ಕಾರುಗಳಲ್ಲಿ ಈ ಪೋರ್ಟು ಇನ್ನೊಂದು ಉಪಕರಣದ ಜತೆ ಫ್ಯೂಸ್ ಹಂಚಿಕೊಂಡಿರುತ್ತದೆ. ಕೆಲವದರಲ್ಲಿ ಅದು ಮೊಬೈಲ್ ಚಾರ್ಜರ್ ಹಾಕುವ 12 ವೋಲ್ಟ್ ಸಾಕೆಟ್. ಕಳಪೆ ಚಾರ್ಜರ್ ಒಂದು ಶಾರ್ಟ್ ಆದರೆ ಪೋರ್ಟೂ ಸತ್ತಂತೆ! ಮಾಲೀಕರ ಕೈಪಿಡಿಯಲ್ಲಿ ಯಾವ ಫ್ಯೂಸ್ ಅಂತ ನೋಡಿ, ಅಷ್ಟೇ ಆಂಪಿಯರ್‌ನದ್ದನ್ನು ಹಾಕಿ. ದೊಡ್ಡದು ಹಾಕಿದರೆ ವೈರು ಸುಡುತ್ತೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಪೋರ್ಟಿನಲ್ಲಿ 16 ಪಿನ್. ಅಗಲದ ಬದಿ ಮೇಲಿರುವಂತೆ ನೋಡಿದರೆ ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನದು 9ರಿಂದ 16. ಪಿನ್ 16 ಬ್ಯಾಟರಿಯ ಪ್ಲಸ್, 4 ಮತ್ತು 5 ಗ್ರೌಂಡ್. 16 ಮತ್ತು 4ರ ನಡುವೆ ಸುಮಾರು 12 ವೋಲ್ಟ್ ಬರಬೇಕು. ಹಾಗೇ 16 ಮತ್ತು 5ರ ನಡುವೆಯೂ ನೋಡಿ. ಮೀಟರಿನ ಮೊನೆ ಎರಡು ಪಿನ್‌ಗಳಿಗೆ ಒಟ್ಟಿಗೆ ತಗಲಬಾರದು. ಮೊನೆಯನ್ನು ಒಳಗೆ ತುರುಕಲೂಬೇಡಿ. ಪಿನ್ ಅಗಲವಾಗಿ ಹೊಸ ತೊಂದರೆ ಶುರುವಾಗುತ್ತೆ.

ಕೊನೆಗೆ ಮಾತಿನ ತಂತಿ

ಕರೆಂಟಿದ್ದೂ ಮೌನವೇ? ಈಚಿನ ಕಾರುಗಳು ಸಂದೇಶಕ್ಕೆ ಬಳಸುವುದು ಕ್ಯಾನ್ ಬಸ್. ಬಾಷ್ ಕಂಪನಿ 1980ರ ದಶಕದಲ್ಲಿ ರೂಪಿಸಿದ, ಎರಡೇ ತಂತಿಗಳ ಜಾಲ ಅದು. ಪೋರ್ಟಿನಲ್ಲಿ ಅದರ ತುದಿಗಳು 6 ಮತ್ತು 14. ಜಾಲದ ಎರಡು ಕೊನೆಗಳಲ್ಲಿ 120 ಓಮ್‌ನ ತಲಾ ಒಂದು ರೆಸಿಸ್ಟರ್ ಇರುವುದರಿಂದ ಎರಡೂ ಸೇರಿ 60 ಓಮ್ ತೋರಿಸಬೇಕು. ಬ್ಯಾಟರಿಯ ಮೈನಸ್ ತೆಗೆದು ಅಳೆಯಿರಿ. 120 ಬಂದರೆ ಒಂದು ಕಡೆ ತಂತಿ ಕಡಿದಿರಬಹುದು ಅಥವಾ ಕನೆಕ್ಟರ್ ಸಡಿಲವಾಗಿರಬಹುದು. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ. ನಡುವೆ ಗೇಟ್‌ವೇ ಇರುವ ಕೆಲವು ಕಾರುಗಳಲ್ಲಿ ಅಂಕಿ ಬೇರೆ ಇರಬಹುದು. ಹಳೆಯ ಕಾರುಗಳಲ್ಲಿ ಮಾತು ಸಾಗುವುದು ಪಿನ್ 7ರ ಕೆ-ಲೈನ್ ಎಂಬ ಒಂಟಿ ತಂತಿಯಲ್ಲಿ. ಅಲ್ಲಿ ಈ 60ರ ಲೆಕ್ಕ ನಡೆಯದು.

ತಂತಿ ಕೆಡುವುದೇಕೆ? ನಿಲ್ಲಿಸಿದ ಕಾರಿನಲ್ಲಿ ವೈರು ಕಡಿಯುವ ಇಲಿ, ಮಳೆಗಾಲದಲ್ಲಿ ಕಾರ್ಪೆಟ್ ಕೆಳಗೆ ನಿಂತ ನೀರು, ಅಂಗಡಿಯಲ್ಲಿ ವೈರು ಸೀಳಿ ಕೂರಿಸಿದ ಮ್ಯೂಸಿಕ್ ಸಿಸ್ಟಮ್ ಅಥವಾ ಜಿಪಿಎಸ್ ಟ್ರ್ಯಾಕರ್. ಹೊರಗಿನಿಂದ ಹಾಕಿಸಿದ್ದೇನಾದರೂ ಇದ್ದರೆ ಅದನ್ನು ಬಿಚ್ಚಿಸಿ ಮತ್ತೆ ಪ್ರಯತ್ನಿಸಿ.

ಎಲ್ಲಿ ಕೈ ಬಿಡಬೇಕು

ತಂತಿ ಎಲ್ಲಿ ಕಡಿದಿದೆ ಅಂತ ಹುಡುಕುವುದು ಆಟೋ ಎಲೆಕ್ಟ್ರಿಷಿಯನ್ ಕೆಲಸ. ವೈರಿಂಗ್ ನಕ್ಷೆ ಇಲ್ಲದೆ ಕೈ ಹಾಕಬೇಡಿ. ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗಳನ್ನಂತೂ ಮುಟ್ಟಲೇಬೇಡಿ. ಆದರೆ ‘ಫ್ಯೂಸ್ ಸರಿ ಇದೆ, 16ರಲ್ಲಿ 12 ವೋಲ್ಟ್ ಬರ್ತಿದೆ, 6 ಮತ್ತು 14ರ ನಡುವೆ 120 ಓಮ್’ ಅಂತ ಹೇಳಿಕೊಂಡು ಒಳಗೆ ಹೋದ ಗ್ರಾಹಕನಿಗೆ ‘ಇಸಿಯು ಹೋಗಿದೆ’ ಅಂತ ಸುಮ್ಮನೆ ಹೇಳುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತು. ಪೋರ್ಟ್ ಉತ್ತರಿಸದ ಕಾರಿಗೆ ಅಡ್ವಾನ್ಸ್ ಕೊಡಬೇಡಿ. ಅದು ಚಿಕ್ಕ ಫ್ಯೂಸೇ ಇರಬಹುದು. ಹಾಗಿದ್ದರೆ ಮಾರುವವರೇ ಸರಿಮಾಡಿಸಿ, ನಿಮ್ಮೆದುರಿಗೇ ಸ್ಕ್ಯಾನ್ ಮಾಡಿ ತೋರಿಸಲಿ.