ಪಣಂಬೂರಿನ ಗೊಬ್ಬರದ ಕಾರ್ಖಾನೆಯೂ ಇಂಗಾಲದ ಲೆಕ್ಕವೂ

ಮಂಗಳೂರು ನಗರದ ಉತ್ತರ ಭಾಗದಲ್ಲಿರುವ ಕಾವೂರು ಮಹಾಲಿಂಗೇಶ್ವರನ ದೇವಾಲಯವುಳ್ಳ ಊರು. ಕುದುರೆಮುಖದ ಕಬ್ಬಿಣದ ಅದಿರಿನ ಕಂಪೆನಿಯ ನೌಕರರ ವಸತಿಗಳು ಇಲ್ಲಿ ನೆಲೆಗೊಂಡ ಮೇಲೆ ಇದಕ್ಕೂ ಕೈಗಾರಿಕೆಗಳಿಗೂ ಸಂಬಂಧವು ಬೆಳೆಯಿತು. ಇಲ್ಲಿಂದ ಪಶ್ಚಿಮಕ್ಕೆ ಕೂಳೂರಿಗೆ ಹೋಗಿ ಫಲ್ಗುಣಿ ನದಿಯ ಸೇತುವೆಯನ್ನು ದಾಟಿದರೆ ಪಣಂಬೂರು ಸಿಕ್ಕುವುದು. ಅಲ್ಲಿ ‘ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್’ ಎಂಬ ಹೆಸರಿನಿಂದ ಸ್ಥಾಪಿತವಾದ ಗೊಬ್ಬರದ ಕಾರ್ಖಾನೆಯು 1976ರಲ್ಲಿ ಕೆಲಸವನ್ನಾರಂಭಿಸಿತು. ವರ್ಷಕ್ಕೆ ಸುಮಾರು 3.8 ಲಕ್ಷ ಟನ್ನು ಯೂರಿಯವನ್ನು ತಯಾರಿಸುವ ಸಾಮರ್ಥ್ಯವು ಅದಕ್ಕುಂಟು. ನಾಲ್ಕು ದಶಕಗಳಿಗೂ ಮಿಕ್ಕು ಅದರ ಮೂಲದ್ರವ್ಯವು ನ್ಯಾಫ್ತವೆಂಬ ಎಣ್ಣೆಯಾಗಿದ್ದಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರು ಉದ್ದದ ಅನಿಲದ ಕೊಳವೆಯು 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಆ ಸುಮಾರಿಗೆ ಕಾರ್ಖಾನೆಯು ನ್ಯಾಫ್ತವನ್ನು ಬಿಟ್ಟು ನೈಸರ್ಗಿಕ ಅನಿಲಕ್ಕೆ ತಿರುಗಿತು.

ದೊಡ್ಡ ಕಂಪೆನಿಗಳು ತಮ್ಮ ಕಾರ್ಯಗಳಿಂದ ಹೊರಡುವ ಇಂಗಾಲವನ್ನು ತಗ್ಗಿಸಿದೆವೆಂದು ಪ್ರಕಟಿಸುವುದು ಈಗ ರೂಢಿಯಾಗಿದೆ. ಆ ಮಾತಿನ ಅರ್ಥವೇನು, ಅದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದಕ್ಕೆ ಪಣಂಬೂರಿನ ಈ ಮಾರ್ಪಾಡು ತಕ್ಕ ಉದಾಹರಣೆಯಾಗಿದೆ.

ಮೊದಲು ಶಬ್ದದ ವಿಚಾರ. ಸಂಸ್ಕೃತದ ‘ಅಂಗಾರ’ವು ಪ್ರಾಕೃತದಲ್ಲಿ ‘ಇಂಗಾಲ’ವಾಗಿಯೂ ಹಳಗನ್ನಡದಲ್ಲಿ ‘ಇಂಗಳ’ವಾಗಿಯೂ ಕಾಣುತ್ತದೆ, ಕೆಂಡ, ಇದ್ದಲು ಎಂಬುದು ಅದರ ಅರ್ಥ. ಉರಿದ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಆಗುವ ಅನಿಲವೇ ಇಂಗಾಲಾಮ್ಲ, ಎಂದರೆ ಇಂಗಾಲದ ಡೈ ಆಕ್ಸೈಡು. ಇದು ವಾಯುಮಂಡಲದಲ್ಲಿ ಹೆಚ್ಚಿದಷ್ಟೂ ಭೂಮಿಯ ಶಾಖವು ಹೊರಕ್ಕೆ ಹೋಗದೆ ಉಳಿಯುತ್ತದೆ. ಕಂಪೆನಿಗಳು ಇಂಗಾಲವೆಂದು ಲೆಕ್ಕವಿಡುವುದು ಮುಖ್ಯವಾಗಿ ಈ ಅನಿಲವನ್ನೇ.

ಇನ್ನು ಕಾರ್ಖಾನೆಯ ಕ್ರಮ. ಯೂರಿಯಕ್ಕೆ ಅಮೋನಿಯ ಬೇಕು. ಅಮೋನಿಯಕ್ಕೆ ಗಾಳಿಯಲ್ಲಿರುವ ಸಾರಜನಕವೂ ಜಲಜನಕವೂ ಬೇಕು. ಈ ಜಲಜನಕವನ್ನು ಎಣ್ಣೆಯನ್ನಾಗಲಿ ಅನಿಲವನ್ನಾಗಲಿ ನೀರಿನ ಆವಿಯೊಡನೆ ಕಾಸಿ ಪಡೆಯುತ್ತಾರೆ. ಆಗ ಮೂಲದ್ರವ್ಯದ ಇಂಗಾಲವು ಇಂಗಾಲಾಮ್ಲವಾಗಿ ಬೇರ್ಪಡುತ್ತದೆ. ನ್ಯಾಫ್ತದಲ್ಲಿ ಇಂಗಾಲದ ಒಂದು ಪರಮಾಣುವಿಗೆ ಜಲಜನಕದ ಪರಮಾಣುಗಳು ಸುಮಾರು ಎರಡು. ನೈಸರ್ಗಿಕ ಅನಿಲದ ಪ್ರಧಾನಾಂಶವಾದ ಮೀಥೇನಿನಲ್ಲಿ ನಾಲ್ಕು. ಇದರ ಫಲವೇನೆಂದರೆ, ಜಲಜನಕದ ಹನ್ನೆರಡು ಅಣುಗಳನ್ನು ಪಡೆಯುವಾಗ ನ್ಯಾಫ್ತದಿಂದ ಇಂಗಾಲಾಮ್ಲದ ನಾಲ್ಕು ಅಣುಗಳೂ ಮೀಥೇನಿನಿಂದ ಮೂರೇ ಅಣುಗಳೂ ಹೊರಡುತ್ತವೆ. ಒಲೆಯಲ್ಲಿಯೂ ಹಾಗೆಯೇ. ಒಂದು ಜಿಗಾಜೂಲ್ ಶಾಖಕ್ಕೆ ನ್ಯಾಫ್ತವನ್ನು ಉರಿಸಿದರೆ ಸುಮಾರು 73 ಕಿಲೋಗ್ರಾಂ, ನೈಸರ್ಗಿಕ ಅನಿಲವನ್ನು ಉರಿಸಿದರೆ ಸುಮಾರು 56 ಕಿಲೋಗ್ರಾಂ ಇಂಗಾಲಾಮ್ಲವು ಉಂಟಾಗುವುದು. ಎರಡು ಕಡೆಯಲ್ಲಿಯೂ ಉಳಿತಾಯವು ಕಾಲುಪಾಲಿನ ಆಸುಪಾಸಿನಲ್ಲಿದೆ.

ಹಾಗಾದರೆ ಕಾರ್ಖಾನೆಯ ಇಂಗಾಲವೆಲ್ಲವೂ ಕಾಲುಪಾಲು ತಗ್ಗಿತೆಂದು ಹೇಳಬಹುದೇ? ಅವಸರಪಡಬಾರದು. ಅದೇಕೆಂದರೆ, ಯೂರಿಯವನ್ನು ಮಾಡುವುದಕ್ಕೆ ಅಮೋನಿಯದೊಡನೆ ಇಂಗಾಲಾಮ್ಲವೂ ಬೇಕು. ಜಲಜನಕವನ್ನು ತೆಗೆಯುವಾಗ ಬೇರ್ಪಟ್ಟುದು ಗಾಳಿಗೆ ಹೋಗದೆ ಬಹುಮಟ್ಟಿಗೆ ಗೊಬ್ಬರದೊಳಕ್ಕೇ ಸೇರುತ್ತದೆ. ಒಂದು ಟನ್ನು ಯೂರಿಯದಲ್ಲಿ ಹೀಗೆ ಅಡಗುವ ಇಂಗಾಲಾಮ್ಲವು 0.733 ಟನ್ನು. ಮೂಲದ್ರವ್ಯವು ಯಾವುದಾದರೂ ಈ ಪ್ರಮಾಣವು ಬದಲಾಗದು. ಮೀಥೇನನ್ನು ಬಳಸಿದಾಗ ಬೇರ್ಪಡುವ ಇಂಗಾಲಾಮ್ಲವು ಅಮೋನಿಯವೆಲ್ಲವನ್ನೂ ಯೂರಿಯವಾಗಿಸುವುದಕ್ಕೆ ಸಾಲದೆ ಬರುವುದೂ ಉಂಟು. ಭಾರತದ ಕೆಲವು ಗೊಬ್ಬರದ ಕಾರ್ಖಾನೆಗಳು ಈ ಕೊರತೆಯನ್ನು ನೀಗಲು ತಮ್ಮ ಹೊಗೆಯಿಂದಲೇ ಇಂಗಾಲಾಮ್ಲವನ್ನು ಹಿಡಿದು ಬಳಸುತ್ತವೆ. ಆದಕಾರಣ ಇಂಧನವನ್ನು ಬದಲಾಯಿಸುವುದರ ನಿಜವಾದ ಲಾಭವನ್ನು ಗೊಬ್ಬರದೊಳಗೆ ಹುಡುಕಬಾರದು. ಒಲೆಯಲ್ಲಿಯೂ, ಹೆಚ್ಚಾಗಿ ಉಳಿದು ಗಾಳಿಗೆ ಹೋಗುತ್ತಿದ್ದ ಪಾಲಿನಲ್ಲಿಯೂ ನೋಡಬೇಕು.

ಗೊಬ್ಬರದೊಳಗೆ ಸೇರಿದುದಾದರೂ ಅಲ್ಲಿಯೇ ನಿಲ್ಲುವುದಿಲ್ಲ. ರೈತನು ಯೂರಿಯವನ್ನು ಗದ್ದೆಗೆ ಹಾಕಿದೊಡನೆ ಮಣ್ಣಿನಲ್ಲಿರುವ ಯೂರಿಯೇಸೆಂಬ ಕಿಣ್ವವು ಅದನ್ನು ಒಡೆದು ಅಮೋನಿಯವನ್ನೂ ಇಂಗಾಲಾಮ್ಲವನ್ನೂ ಬಿಡಿಸುತ್ತದೆ. 3.8 ಲಕ್ಷ ಟನ್ನು ಯೂರಿಯದಿಂದ ಹೀಗೆ ಹೊರಡುವುದು ಸುಮಾರು 2.8 ಲಕ್ಷ ಟನ್ನು. ಇದನ್ನು ಯಾರ ಲೆಕ್ಕಕ್ಕೆ ಹಾಕಬೇಕು? ದೇಶಗಳ ಲೆಕ್ಕಕ್ಕಾಗಿ ಹವಾಮಾನ ಬದಲಾವಣೆಯ ಅಂತರಸರ್ಕಾರೀ ಮಂಡಲಿಯು 2006ರಲ್ಲಿ ವಿಧಿಸಿದ ಕ್ರಮದಂತೆ ಇದು ಬೇಸಾಯದ ಬಾಬಿಗೆ ಸೇರುತ್ತದೆ. ಕಾರ್ಖಾನೆಯ ಪುಟದಲ್ಲಿ ಕಳೆದುದು ಗದ್ದೆಯ ಪುಟದಲ್ಲಿ ಕೂಡುತ್ತದೆ; ಆಕಾಶಕ್ಕೆ ಎರಡೂ ಒಂದೇ.

ಕಂಪೆನಿಗಳ ಲೆಕ್ಕದಲ್ಲಿ ‘ಸ್ವಂತ’ದ ಮೇರೆಯನ್ನು ಗೊತ್ತುಪಡಿಸುವುದಕ್ಕೆ 2001ರಲ್ಲಿ ಒಂದು ಅಂತರರಾಷ್ಟ್ರೀಯ ನಿಯಮಾವಳಿಯು ಹೊರಟಿತು. ಅದರಂತೆ ತನ್ನ ಆವರಣದಲ್ಲಿ ತಾನೇ ಹೊರಬಿಟ್ಟುದು ಮೊದಲನೆಯ ವರ್ಗ. ಕೊಂಡ ವಿದ್ಯುತ್ತಿಗಾಗಿ ಅನ್ಯತ್ರ ಉರಿಸಿದುದು ಎರಡನೆಯ ವರ್ಗ. ಸರಕು ಬರುವ ಮೊದಲೂ ಮಾರಿದ ಮೇಲೂ ಆಗುವುದೆಲ್ಲ ಮೂರನೆಯ ವರ್ಗ. ಪಣಂಬೂರಿನಂತಹ ಕಾರ್ಖಾನೆಗೆ ಮೊದಲನೆಯದೇ ಪ್ರಧಾನ. ಕಚೇರಿಗಳೇ ಕಾರ್ಯಸ್ಥಾನವಾಗಿರುವ ಕಂಪೆನಿಗಳಿಗೆ ಎರಡನೆಯದು ದೊಡ್ಡದು. ಬೆಂಗಳೂರಿನ ಇನ್ಫೋಸಿಸ್ ಕಂಪೆನಿಯು 2011ರಲ್ಲಿ ಹೈದರಾಬಾದಿನ ತನ್ನ ಒಂದು ಕಟ್ಟಡದ ಅರ್ಧವನ್ನು ವಾಡಿಕೆಯ ತಂಪುಗಾಳಿಯಿಂದಲೂ ಉಳಿದರ್ಧವನ್ನು ಚಾವಣಿಯೊಳಗಿನ ಕೊಳವೆಗಳಲ್ಲಿ ಹರಿಯುವ ತಣ್ಣೀರಿನಿಂದಲೂ ತಂಪುಗೊಳಿಸಿ ಹೋಲಿಸಿ ನೋಡಿತು. ಎರಡನೆಯ ಅರ್ಧಕ್ಕೆ ಬೇಕಾದ ಶಕ್ತಿಯು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಮೆಯಾಯಿತು. ಮುಂದೆ 2020ರಲ್ಲಿ ಆ ಕಂಪೆನಿಯು ಇಂಗಾಲಸಮತೆಯನ್ನು ಮುಟ್ಟಿದುದಾಗಿ ಸಾರಿತು. ಅದರಲ್ಲಿ ವಿದ್ಯುತ್ತಿನ ಮಿತವ್ಯಯವೂ ಸೂರ್ಯಶಕ್ತಿಯೂ ಅಲ್ಲದೆ, ಹಳ್ಳಿಯ ಮನೆಗಳಿಗೆ ಗೋಬರ್ ಅನಿಲದ ಒಲೆಗಳನ್ನು ಒದಗಿಸಿ ಅಲ್ಲಿ ತಗ್ಗಿದುದನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡುದೂ ಸೇರಿದೆ. ಮೊದಲಿನವೆರಡು ಕಂಪೆನಿಯ ಸ್ವಂತ ಬಳಕೆಯಲ್ಲಾದ ಮಾರ್ಪಾಡುಗಳು. ಕಡೆಯದು ಪರಸ್ಥಳದ ಉಳಿತಾಯ. ಇವನ್ನು ಬೇರೆಬೇರೆಯಾಗಿಯೇ ಎಣಿಸಬೇಕು.

ಮೂರನೆಯ ವರ್ಗವನ್ನು ನೋಡಿದರೆ ಪಣಂಬೂರಿನ ಲಾಭವೂ ಸ್ವಲ್ಪ ಸವೆಯುತ್ತದೆ. ಕೊಚ್ಚಿಗೆ ಬರುವ ಅನಿಲವನ್ನು ಹೊರದೇಶದಲ್ಲಿ ಶೂನ್ಯಕ್ಕಿಂತ ಸುಮಾರು 162 ಡಿಗ್ರಿ ಸೆಂಟಿಗ್ರೇಡು ಕೆಳಗೆ ತಂಪುಮಾಡಿ, ದ್ರವವಾಗಿಸಿ, ಹಡಗಿನಲ್ಲಿ ತರುತ್ತಾರೆ. ಅದಕ್ಕೂ ಶಕ್ತಿಯು ವ್ಯಯವಾಗುತ್ತದೆ. ದಾರಿಯಲ್ಲಿ ಸೋರಿದ ಮೀಥೇನು, ನೂರು ವರ್ಷಗಳ ಲೆಕ್ಕದಲ್ಲಿ, ತನ್ನ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು ಮೂವತ್ತು ಮಡಿ ಶಾಖವನ್ನು ತಡೆಯುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕವನ್ನು ಪಡೆಯುವ ಮಾರ್ಗವು ಇನ್ನೊಂದುಂಟು. ಅದರಲ್ಲಿ ಇಂಗಾಲದ ಮಾತಿಲ್ಲವಾದರೂ, ಆಗ ಯೂರಿಯಕ್ಕೆ ಬೇಕಾದ ಇಂಗಾಲಾಮ್ಲವನ್ನು ಬೇರೆಲ್ಲಿಂದಲಾದರೂ ತರಬೇಕಾಗುವುದು.

ಇದರಿಂದ ನ್ಯಾಫ್ತವನ್ನು ಬಿಟ್ಟುದು ವ್ಯರ್ಥವೆಂದು ತಿಳಿಯಬಾರದು. ಒಲೆಯಲ್ಲಿ ತಗ್ಗಿದುದು ನಿಜವಾಗಿಯೂ ತಗ್ಗಿದೆ. ಆದರೆ ಇಂತಿಷ್ಟು ತಗ್ಗಿತೆಂಬ ವಾಕ್ಯವನ್ನು ಓದುವಾಗ ಯಾವ ವರ್ಷಕ್ಕೆ ಹೋಲಿಸಿದೆ, ಮೇರೆಯನ್ನು ಎಲ್ಲಿ ಎಳೆದಿದೆ, ಲೆಕ್ಕವು ಟನ್ನೊಂದಕ್ಕೋ ಒಟ್ಟು ಉತ್ಪತ್ತಿಗೋ ಎಂಬ ಮೂರನ್ನೂ ವಿಚಾರಿಸುವುದು ಅವಶ್ಯಕ. ಓಲೆಯ ಪ್ರತಿಯೊಂದನ್ನು ಪ್ರಮಾಣವಾಗಿ ತೆಗೆದುಕೊಳ್ಳುವ ಮೊದಲು ಅದರ ಗರಿಗಳೆಲ್ಲವೂ ಇವೆಯೇ ಎಂದು ಎಣಿಸುವ ವಿದ್ವಾಂಸರಿಗೆ ಈ ಎಚ್ಚರವು ಹೊಸದಲ್ಲ.